ಹಿಡಿಕೆ ಯಾವ ಕಡೆಗೆ

ಬಿಳಿ ಪುಡಿ, ಅಕ್ಕಿಹಿಟ್ಟಿನ ಹಾಗೆ, ಆದರೆ ಅಕ್ಕಿಹಿಟ್ಟಿಗೆ ಈ ವಾಸನೆ ಎಲ್ಲಿಯದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಡ್ರಿಲ್ಲು ಕೊರೆದಷ್ಟೂ ಉದುರುತ್ತಿದೆ, ನೆಲಕ್ಕೆ, ದುರ್ಗೇಶನ ಮುಂಗೈ ಕೂದಲಿಗೆ, ಮುಚ್ಚಳ ಹಾಕದೆ ಬಿಟ್ಟ ಸಾರಿನ ಪುಡಿಯ ಡಬ್ಬಿಗೂ ಬಿದ್ದಿರಬೇಕು — ಬೀಳಲಿ ಬಿಡು ಅಂದುಕೊಂಡಳು ಸುಷ್ಮಾ, ಏಳಲಿಲ್ಲ. ನಡುಮನೆಗೂ ಅಡುಗೆಮನೆಗೂ ನಡುವಿನ ಹೊಸ್ತಿಲ ಮೇಲೆ ಕೂತಿದ್ದಾಳೆ, ಸುತ್ತ ಡಬ್ಬಿ, ತಪ್ಪಲೆ, ಹುಣಿಸೆಹಣ್ಣಿನ ಜಾಡಿ, ಒಣಮೀನು ಕಟ್ಟಿಟ್ಟ ಪೊಟ್ಟಣ, ಮನೆ ಖಾಲಿ ಮಾಡುವವರ ಸಾಮಾನಿನ ಹಾಗೆ, ಆದರೆ ಯಾರೂ ಎಲ್ಲಿಗೂ ಹೋಗುವುದಿಲ್ಲ, ಅದೇ ಸಾಗರ, ಅದೇ ಮನೆ, ಅದೇ ಅಡುಗೆಮನೆ, ರೈಲುಡಬ್ಬಿಯ ಹಾಗೆ ಉದ್ದಕ್ಕೆ ಕಟ್ಟಿಸಿದ್ದರು ಮಾವ ಸುಬ್ಬಪ್ಪ, ಇರುವ ತನಕ ಹೇಳುತ್ತಿದ್ದರು, ಎಷ್ಟು ಜನಕ್ಕೆ ಅಡಿಗೆ ಆದ್ರೂ ನಮ್ಮನೆ ಹೆಂಗಸ್ರು ಒಬ್ರ ಮೈ ಒಬ್ರು ತಾಗಿಸ್ಕಂಡು ಓಡಾಡಬಾರ್ದು ಅಂತ. ಆ ಉದ್ದದ ನಟ್ಟನಡುವೆ ಈಗ ಒಂದರ ಪಕ್ಕ ಒಂದು ಬಿಳಿ ಪೆಟ್ಟಿಗೆ ನಿಲ್ಲುತ್ತಿದೆ, ನೆಲದಿಂದ ಸೂರಿನವರೆಗೆ, ಕೆಲವಕ್ಕೆ ಬಾಯಿ ಈ ಕಡೆ, ಕೆಲವಕ್ಕೆ ಆ ಕಡೆ, ಈ ಕಡೆಯ ಅರ್ಧ ಸುಷ್ಮಾಳದು, ಆ ಕಡೆಯದು ಭವ್ಯಾಳದು, ಮೈದುನ ಸಚಿನ್‌ನ ಹೆಂಡತಿ, ವಾರಗಿತ್ತಿ ಅನ್ನಬೇಕು, ಆದರೆ ಆ ಮಾತನ್ನು ಯಾವತ್ತೂ ಬಾಯಲ್ಲಿ ತಂದವಳಲ್ಲ, ಯಾರಾದರೂ ಕೇಳಿದರೆ ಇವಳು ನಮ್ಮ ಭವ್ಯಾ, ಅಷ್ಟೇ. ಹಿತ್ತಿಲ ಕಡೆಯ ಕಿಟಕಿ ಅವಳ ಪಾಲಿಗೆ ಹೋಯಿತು. ಇಷ್ಟು ವರ್ಷ ಬೆಳಗಿನ ಬಿಸಿಲು ಆ ಕಿಟಕಿಯಿಂದ ಇಳಿದು ಇಡೀ ನೆಲದ ಮೇಲೆ ಚಾಪೆ ಹಾಸಿದ ಹಾಗೆ ಬಂದು ಈ ಹೊಸ್ತಿಲಿಗೆ ಮುಟ್ಟುತ್ತಿತ್ತು, ಈಗ ಒಂದೊಂದು ಪೆಟ್ಟಿಗೆ ನಿಂತಾಗಲೂ ಚಾಪೆಯನ್ನು ಯಾರೋ ಆ ಕಡೆಯಿಂದ ಸುತ್ತುತ್ತಾ ಹೋದ ಹಾಗೆ ಸಣ್ಣಗಾಗುತ್ತಿದೆ, ಅವಳ ಕಾಲ್ಬೆರಳ ಮೇಲೆ ಉಳಿದಿರುವುದು ಒಂದು ಪಟ್ಟಿ, ಸೀರೆಯ ಅಂಚಿನಷ್ಟು.

ಈ ಬುದ್ಧಿ ರಾಜೇಂದ್ರನದು. ಗಂಡನಿಗೆ ಪಂಪ್‌ಸೆಟ್ ರಿಪೇರಿಯ ಅಂಗಡಿ, ಒಂದು ಮೋಟಾರು ಬಿಚ್ಚಿ ಎರಡಕ್ಕೆ ಜೀವ ಕೊಡುವವನು, ಬೇರೆ ಒಲೆ ಅಂತ ತೀರ್ಮಾನವಾದ ದಿನ ತಮ್ಮ ಸಚಿನ್ ತಪ್ಪು ಮಾಡಿದವನಂತೆ ತಲೆ ತಗ್ಗಿಸಿ ಕೂತಿದ್ದರೆ ಇವನು ಆಗಲೇ ಟೇಪು ಹಿಡಿದು ನಿಂತಿದ್ದ. ಗೋಡೆ ಎಂತಕ್ಕೆ, ಗೋಡೆ ಅಂದ್ರೆ ಗಾರೆಯೋನು, ಸಿಮೆಂಟು, ಧೂಳು, ಆಮೇಲೆ ಎರಡೂ ಕಡೆಗೆ ಕಪಾಟು ಬೇರೆ, ಅದರ ಬದ್ಲು ಕಪಾಟನ್ನೇ ಗೋಡೆ ಮಾಡಿದ್ರಾತಲ್ಲ, ಬೆನ್ನು ಒಬ್ರಿಗೆ ಮುಖ ಒಬ್ರಿಗೆ, ಖರ್ಚು ಅರ್ಧಕ್ಕರ್ಧ ಉಳೀತು. ಹೇಳುವಾಗ ಅವನ ಮುಖದಲ್ಲಿ ಎಷ್ಟು ಖುಷಿ, ಮನೆ ಎರಡಾಗುವ ಮಾತು ಅವನ ಕಿವಿಗೆ ಬಿದ್ದೇ ಇಲ್ಲವೇನೋ, ಅಥವಾ ಬಿದ್ದಿದ್ದಕ್ಕೇ ಟೇಪು ಹಿಡಿದನೇನೋ, ಗಂಡಸರಿಗೆ ಅಳತೆ ಸಿಕ್ಕರೆ ಅಳು ತಪ್ಪುತ್ತದೆ. ಶಿವಮೊಗ್ಗದ ಶೋರೂಮಿಗೆ ಎಲ್ಲರೂ ಹೋದರು, ಅತ್ತೆ ಗುತ್ಯಮ್ಮನೂ, ಮದುವೆ ಜವಳಿಗೆ ಹೊರಟವರ ಹಾಗೆ. ಅಲ್ಲಿ ಕಪ್ಪು ಕೋಟಿನ ಹುಡುಗಿಯೊಬ್ಬಳು ಡ್ರಾಯರನ್ನು ಎಳೆದು ಬಿಟ್ಟಳು, ಅದು ತಾನೇ ತಾನಾಗಿ, ಸದ್ದಿಲ್ಲದೆ, ನಿದ್ದೆ ಹತ್ತುವ ಕಣ್ಣಿನ ಹಾಗೆ ಮುಚ್ಚಿಕೊಂಡಿತು, ಅತ್ತೆ ನೋಡಿ, ಇದೆಂತಾ ಬಾಗ್ಲು ಮಾರಾಯ್ತಿ, ಸಿಟ್ಟು ಬಂದಾಗ ಬಡಿಯಾದು ಹೆಂಗೆ ಅಂದರು, ಹುಡುಗಿಗೂ ನಗು ತಡೆಯಲಾಗಲಿಲ್ಲ. ಎಲ್ಲರೂ ನಗುವಾಗ ಭವ್ಯಾ ಮಾತ್ರ ದೂರದಲ್ಲಿ ಒಂದೇ ಕಪಾಟಿನ ಮುಂದೆ ನಿಂತು ಅದರ ಬಾಗಿಲನ್ನು ತೆರೆಯುವುದು, ಮುಚ್ಚುವುದು, ತೆರೆಯುವುದು, ಮುಚ್ಚುವುದು, ಬಾರೇ ಅಂತ ಕರೆದರೆ ಬಂದಳು, ಕೈ ಹಿಂದೆ ಕಟ್ಟಿಕೊಂಡು. ಅಲ್ಲಿಯ ರೇಟು ಕೇಳಿ ರಾಜೇಂದ್ರ ಬೆವರು ಒರೆಸಿಕೊಂಡ, ಕೊನೆಗೆ ಹೊಸನಗರದ ದುರ್ಗೇಶನ ಪಿವಿಸಿ ಪೆಟ್ಟಿಗೆ ಅಂತ ಆಯಿತು, ಅಳತೆಗೆ ಕತ್ತರಿಸಿ ಹಲಗೆಗಳಾಗಿ ಬರುತ್ತದೆ, ಇಲ್ಲೇ ಜೋಡಿಸುವುದು, ಗೆದ್ದಲು ಮುಟ್ಟುವುದಿಲ್ಲ, ನೀರಿಗೆ ಉಬ್ಬುವುದಿಲ್ಲ, ಅಗ್ಗದ್ದು ಅಂತ ಆ ಪಾರ್ಟಿಕಲ್ ಬೋರ್ಡಿನದು ತಂದಿದ್ರೆ ಒಂದು ಮಳೆಗಾಲಕ್ಕೆ ಹಪ್ಪಳ ಆಗಿರ್ತಿತ್ತು ಅಂತ ಬಂದವರಿಗೆಲ್ಲ ಹೇಳುವುದು. ಪೆಟ್ಟಿಗೆ ಬರುವ ಮುಂಚೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಬಂತು. ಆ ಗೆರೆಯ ಆಚೆ ಈಚೆ ಅವರಿಬ್ಬರೂ ಅದೇ ಒಲೆಯಲ್ಲಿ ಅಡುಗೆ ಮಾಡಿದರು ಇನ್ನೂ ಎಷ್ಟೋ ದಿನ, ಭವ್ಯಾ ದಾಟುವಾಗ ನೈಟಿಯ ತುದಿ ಎತ್ತಿಕೊಳ್ಳುತ್ತಿದ್ದಳು, ಅಲ್ಲೊಂದು ಹಳ್ಳ ಹರಿಯುತ್ತಿರುವ ಹಾಗೆ, ಎಂತೇ ಕಾಲು ಒದ್ದೆ ಆಗ್ತದನಾ ಅಂತ ಸುಷ್ಮಾ ಕೇಳಿದರೆ, ಹೂಂ ಅಕ್ಕ, ನೀರು ಏರ್ತಾ ಉಂಟು ಅಂತ ನಕ್ಕಳು, ಆ ನಗು, ಮೂಗು ಸುಕ್ಕಿಸಿ ನಗುವುದು, ಎಷ್ಟು ದಿನವಾಯಿತು ಅದನ್ನು ನೋಡದೆ, ಪಕ್ಕದಲ್ಲೇ ಇದ್ದಾಳೆ, ಈ ಬಿಳಿ ಹಲಗೆಯ ಆಚೆ ಅವಳ ಬಳೆಯ ಸದ್ದು ಕೇಳುತ್ತಿದೆ, ಆದರೂ ದೂರದ ಊರಿಗೆ ಹೋದವರನ್ನು ನೆನೆಸಿಕೊಂಡ ಹಾಗೆ ನೆನೆಸಿಕೊಳ್ಳಬೇಕು.

ಜಗಳವಾಗಿದ್ದರೆ ವಾಸಿ ಇತ್ತು. ಜಗಳಕ್ಕೆ ಒಂದು ತುದಿ ಇರುತ್ತದೆ, ಹಿಡಿದು ಬಿಚ್ಚಬಹುದು. ಅವಳು ಹೇಳಿದ್ದು ಮೀನು ಹಸನು ಮಾಡುವಾಗ, ಸುಷ್ಮಾ ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಬಂಗುಡೆಯ ತಲೆ ತೆಗೆಯುತ್ತಿದ್ದಳು, ಭವ್ಯಾ ನೀರು ಹೊಯ್ಯುತ್ತಿದ್ದಳು, ನೀರು ಹೊಯ್ಯುತ್ತಲೇ, ಅಕ್ಕ, ನಾನು ಬೇರೆ ಒಲೆ ಹಾಕ್ಕಳ್ತೀನಿ. ಮೀನಿಗೆ ಉಪ್ಪು ಹಾಕ್ಲಾ ಅಂತ ಕೇಳಿದಷ್ಟೇ ಮೆಲ್ಲಗೆ. ನಾನೇನಾದ್ರೂ ಅಂದ್ನಾ ಭವ್ಯಾ? ಇಲ್ಲ ಅಕ್ಕ. ಅತ್ತೆ? ಇಲ್ಲಪ್ಪ. ಸಚಿನ್ ಹೇಳಿದ್ನಾ? ಅವರಿಗೆ ಇನ್ನೂ ಗೊತ್ತೇ ಇಲ್ಲ. ಮತ್ತೆ ಎಂತಕ್ಕೆ? ಸುಮ್ನೆ ಅಕ್ಕ. ಸುಮ್ನೆ — ಒಂದು ಸಂಸಾರ ಸುಮ್ಮನೆ ಎರಡಾಗುತ್ತದೆಯೇ, ಸುಷ್ಮಾ ಬಿ.ಎ. ಓದಿದವಳು, ತೀರ್ಥಹಳ್ಳಿ ಕಾಲೇಜಿನಲ್ಲಿ ಮೇಷ್ಟ್ರು ಕೇಳಿದ್ದಕ್ಕೆಲ್ಲ ಕಾರಣ ಸಹಿತ ಉತ್ತರಿಸಿದವಳು, ಈ ಒಂದು ಸುಮ್ನೆಗೆ ಉತ್ತರ ಹುಡುಕುತ್ತಾ ಪಾತ್ರೆ ತೊಳೆದಳು, ಬಟ್ಟೆ ಒಗೆದಳು, ನಿದ್ದೆ ಬಿಟ್ಟಳು. ಭವ್ಯಾಳ ಅಣ್ಣ ಬಂದಾಗ ಕೋಳಿ ಕೊಯ್ಯಲಿಲ್ಲ ಅಂತಲೇ, ಅದು ಶ್ರಾವಣ ಅಲ್ಲವೇ. ಮಕ್ಕಳ ವಿಷಯವೇ, ಮಕ್ಕಳು ಯಾರ ತಟ್ಟೆಯಲ್ಲಿ ಯಾರು ಉಂಡರು ಅಂತ ಈ ಮನೆಯಲ್ಲಿ ಯಾರೂ ನೋಡಿದ್ದಿಲ್ಲ. ಹೊಸ ಸೀರೆ ಮೊದಲು ಆರಿಸಿಕೊಳ್ಳುತ್ತಿದ್ದದ್ದೇ ಅವಳು. ಮಧ್ಯಾಹ್ನ ಗಂಡಸರೆಲ್ಲ ಹೊರಗೆ ಹೋದ ಮೇಲೆ ಇಬ್ಬರೂ ಈ ಹೊಸ್ತಿಲ ಮೇಲೆಯೇ ಕೂತು ಚಾ ಕುಡಿಯುತ್ತಿದ್ದರು, ಒಂದೇ ಪಾತ್ರೆಯಿಂದ ಎರಡು ಲೋಟಕ್ಕೆ, ಭವ್ಯಾ ಊರಿನ ಕಥೆ ಹೇಳುತ್ತಿದ್ದಳು, ಹೊಸನಗರದಾಚೆಯ ನಗರದ ಕೋಟೆಯ ಕೊಳದಲ್ಲಿ ಈಜಿದ್ದು, ದನ ಕಾಯುವಾಗ ಕವಣೆ ಬೀಸಿ ಗೇರುಹಣ್ಣು ಬೀಳಿಸಿದ್ದು, ಹುಡುಗರಿಗೆಲ್ಲ ನಾನೇ ಗುರು ಆಗಿದ್ದೆ ಅಕ್ಕ ಅಂತ, ಸುಷ್ಮಾಳಿಗೆ ನಂಬಿಕೆ ಬರುತ್ತಿರಲಿಲ್ಲ, ಈ ಮೆತ್ತಗಿನವಳು, ಒಂದು ತೊಂಡೆಕಾಯಿ ಹೆಚ್ಚಲು ಒಂದು ಹೊತ್ತು ಹಿಡಿಯುವವಳು ಕವಣೆ ಬೀಸಿದ್ದಳೇ. ತಾನು ಗರ್ಭಕೋಶದ ಆಪರೇಶನ್ ಆಗಿ ಮಲಗಿದ್ದಾಗ ಗಂಜಿ ಕುಡಿಸಿದವಳು ಅವಳೇ, ತಲೆಗೂದಲು ಬಾಚಿದವಳು ಅವಳೇ, ತವರಿನಿಂದ ತಾಯಿ ಬರ್ತೀನಿ ಅಂದಾಗ ಭವ್ಯಾ ಇದಾಳೆ ಬಿಡಮ್ಮ ಅಂದುಬಿಟ್ಟಿದ್ದಳು ಸುಷ್ಮಾ. ತವರು ಮಂಡಗದ್ದೆಯ ಹತ್ತಿರ, ಚಿಕ್ಕವಳಿದ್ದಾಗ ಹೊಳೆಯ ದಂಡೆಯಲ್ಲಿ ನಿಂತು ನೋಡುತ್ತಿದ್ದಳು, ನೀರಿನ ನಡುವಿನ ಮರಗಳ ತುಂಬ ಬೆಳ್ಳಕ್ಕಿಗಳು, ಮರ ಕಾಣದಷ್ಟು ಬಿಳಿ, ಗಲಾಟೆ, ಒಂದು ದಿನ ಹೋಗಿ ನೋಡಿದರೆ ಮರ ಮಾತ್ರ. ಯಾಕೆ ಹೋದವು ಅಂತ ಹೊಳೆಯನ್ನು ಯಾರೂ ಕೇಳುವುದಿಲ್ಲ, ಮುಂದಿನ ಮಳೆಗೆ ಬರ್ತವೆ ಅಂತ ಅಪ್ಪ ಹೇಳುತ್ತಿದ್ದ, ಆದರೆ ಕಪಾಟು ಹೊಡೆದು ನಿಲ್ಲಿಸಿದ ಮೇಲೆ ಯಾರು ಬರುತ್ತಾರೆ, ಸ್ಕ್ರೂ ನೆಲಕ್ಕೂ ಹೋಗುತ್ತಿದೆ, ಸೂರಿಗೂ ಹೋಗುತ್ತಿದೆ. ಕಾರಣ ಒಂದು ಗೊತ್ತಾಗಿದ್ದರೆ. ಅಷ್ಟೇ ಸಾಕಿತ್ತು. ಗೊತ್ತಾದರೆ ಅವಳನ್ನು ಇರು ಅಂತ ಹೊಸದಾಗಿ ಕೇಳಿಕೊಳ್ಳಬಹುದಿತ್ತು, ಈ ಕೊನೆಯ ಪೆಟ್ಟಿಗೆ ನಿಲ್ಲುವ ಮುಂಚೆ.

ಅಕ್ಕಾ, ಹಿಡಿಕೆ ಯಾವ ಕಡೆಗೆ ಇಡ್ಲಿ, ಅಂತ ದುರ್ಗೇಶ ಡ್ರಿಲ್ಲು ನಿಲ್ಲಿಸಿ ಕೇಳಿದ್ದ ಬೆಳಿಗ್ಗೆ, ಅವಳ ಪಾಲಿನ ಬಾಗಿಲುಗಳನ್ನು ನೆಲದ ಮೇಲೆ ಹಪ್ಪಳದಂತೆ ಹರಡಿಕೊಂಡು, ಎಲ್ಲ ಒಂಟಿ ಬಾಗಿಲಿನ ಸಪೂರ ಪೆಟ್ಟಿಗೆಗಳು, ಜೋಡಿ ಬಾಗಿಲಾದರೆ ದುಬಾರಿ ಅಂತ. ಎಲ್ಲರ ಮನೇಲಿ ಇದ್ದಂಗೆ ಇಡಪ್ಪ, ಅದಕ್ಕೆಂತ ಕೇಳೋದು, ಅಂದಿದ್ದಳು ಸುಷ್ಮಾ, ಹಿಡಿಕೆ ಬಲಕ್ಕೆ, ಬಿಜಾಗರಿ ಎಡಕ್ಕೆ, ಅದರಲ್ಲಿ ಯೋಚಿಸುವುದು ಏನಿದೆ. ದುರ್ಗೇಶ ಮಾತಿನ ಮನುಷ್ಯ, ಕೈಗಿಂತ ಬಾಯಿ ಮುಂದೆ, ಒಂದು ಪೆಟ್ಟಿಗೆಯನ್ನು ತಲೆಕೆಳಗಾಗಿ ಜೋಡಿಸಿ ಮತ್ತೆ ಬಿಚ್ಚಿದವನು, ನಿಮ್ದೇ ವಾಸಿ ಕಣಕ್ಕ, ನಮ್ಮ ಚಿಕ್ಕಪ್ಪಂದಿರು ಪಾಲಾದಾಗ ಬಚ್ಚಲಿಗೆ ಗೆರೆ ಹೊಡೆದಿದ್ರು, ಹಂಡೆ ಒಬ್ಬಂದು ನೀರು ಒಬ್ಬಂದು, ಇಬ್ರೂ ವಾರಗಟ್ಲೆ ಸ್ನಾನ ಮಾಡ್ಲಿಲ್ಲ, ಕೊನೀಗೆ ಹೆಂಡ್ತೀರು ರಾಜಿ ಮಾಡ್ಸಿದ್ರು, ವಾಸ್ನೆ ತಡೀಲಾರ್ದೆ. ನಗಲಿಲ್ಲ ಅವಳು, ನಡುಮನೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅತ್ತೆ ನಕ್ಕರು, ಹಂಗಾರೆ ನಾನು ಎಲ್ಲಿ ಉಣ್ಣಾದು, ಕಪಾಟಿನ ಮೇಲೆ ಹತ್ತಿ ಕೂರ್ಲನಾ, ಎರಡೂ ಕಡೀಂದ ತಟ್ಟೆ ನೀಡಿ. ಆ ಕಡೆಯಿಂದ ಭವ್ಯಾಳ ದನಿ, ದುರ್ಗೇಶಣ್ಣಾ, ಒಗ್ಗರಣೆ ಡಬ್ಬಿ ಅಕ್ಕಂಗೇ ಇರ್ಲಿ ಅನ್ನಿ. ದುರ್ಗೇಶ ಇನ್ನೂ ಮುಚ್ಚದ ಸಂದಿಯಲ್ಲಿ ನಿಂತು ಈ ಕಡೆ ತಿರುಗಿ, ಒಗ್ಗರಣೆ ಡಬ್ಬಿ ನಿಮ್ಗಂತೆ. ಅವಳು ಎಂತರಲ್ಲಿ ಹಾಕ್ತಾಳಂತೆ ಒಗ್ಗರಣೆ, ಕೇಳು. ಆ ಕಡೆ ತಿರುಗಿ, ಎಂತರಲ್ಲಿ ಹಾಕ್ತೀರಂತೆ? ಹೊಸದು ತಂದಿದೀನಿ ಅನ್ನಿ. ಹೊಸ್ದು ತಂದಿದಾರಂತೆ ಅಕ್ಕಾ — ಎಲ್ಲಾ ಬಿಟ್ಟು ನಾನೇನು ಕಪಾಟು ಕೂರ್ಸಾಕೆ ಬಂದಿದೀನಾ, ಟಪಾಲು ಹಂಚಾಕೆ ಬಂದಿದೀನಾ, ಕೂಗಿದ್ರೆ ಕೇಳ್ತದಪ್ಪ ಇಬ್ರಿಗೂ, ಅಂತ ಅವನು ಗೊಣಗಿದ. ಕೇಳುತ್ತದೆ. ಅದೇ ತೊಂದರೆ, ಎಲ್ಲ ಕೇಳುತ್ತದೆ. ಹೊಸದು ತಂದಿದ್ದಾಳೆ, ಯಾವಾಗ ತಂದಳು, ಮಾರ್ಕೆಟ್ಟಿಗೆ ತನ್ನನ್ನು ಬಿಟ್ಟು ಹೋದವಳೇ ಅಲ್ಲ, ಒಬ್ಬಳೇ ಹೋಗಿ ಅಂಗಡಿಯಲ್ಲಿ ನಿಂತು ಸಾಸಿವೆ, ಜೀರಿಗೆ, ಅರಿಶಿನಕ್ಕೆ ಬಟ್ಟಲು ಎಣಿಸಿ ಡಬ್ಬಿ ಆರಿಸುವ ಭವ್ಯಾಳನ್ನು ಸುಷ್ಮಾ ಕಣ್ಣ ಮುಂದೆ ತಂದುಕೊಳ್ಳಲು ನೋಡಿದಳು, ಬರಲಿಲ್ಲ, ಅಂಗಡಿ ಬಂತು, ಅಂಗಡಿಯವನು ಬಂದ, ಅವಳ ಜಾಗದಲ್ಲಿ ಯಾರೂ ಇರಲಿಲ್ಲ. ಎದ್ದಳು, ಹೋಗಿ ಹೇಳಬೇಕು, ಏನು ಅಂತ ಗೊತ್ತಿಲ್ಲ, ಹಳೇ ಡಬ್ಬಿಯಲ್ಲಿ ಅರ್ಧ ಸಾಸಿವೆಯನ್ನಾದರೂ ತಗೋ ಅಂತ, ಸಂದಿಯ ಹತ್ತಿರ ಬಂದಳು, ಒಬ್ಬರು ಹಿಡಿಯುವಷ್ಟೇ ಸಂದಿ ಉಳಿದಿತ್ತು, ಭವ್ಯಾ ಕಾಣಲಿಲ್ಲ, ಹಿತ್ತಿಲಿಗೆ ಇಳಿದಿರಬೇಕು, ಕಂಡದ್ದು ಅವಳ ಪಾಲಿನ ಕಪಾಟುಗಳು, ಬಾಗಿಲುಗಳೆಲ್ಲ ಅರ್ಧ ತೆರೆದು ನಿಂತಿದ್ದವು, ಎಲ್ಲವೂ ತಪ್ಪು ದಿಕ್ಕಿಗೆ. ದುರ್ಗೇಶ, ಆ ಕಡೆಯವೆಲ್ಲ ಉಲ್ಟಾ ಹಾಕಿದೀಯಲ್ಲೋ, ಹಿಡಿಕೆ ಎಡಕ್ಕೆ ಬಂದಿದಾವೆ, ಅವಳು ಪಾಪ ಹೇಳಲ್ಲ, ಹೇಳಾಕೆ ಬಾಯಿ ಇಲ್ಲ ಅದಕ್ಕೆ, ಬಿಚ್ಚಿ ಸರಿ ಮಾಡು. ಅವನು ಸ್ಕ್ರೂ ಬಾಯಲ್ಲಿ ಕಚ್ಚಿಕೊಂಡವನು ತೆಗೆದು, ಉಲ್ಟಾ ಅಲ್ಲಕ್ಕಾ, ಅವ್ರೇ ಹೇಳಿದ್ದು. ಅವ್ರದ್ದು ಎಡಗೈ ಅಲ್ದ. ಹಿಡಿಕೆ ಎಡಕ್ಕೆ, ಸ್ಟೌ ಕಟ್ಟೆಯ ಆ ತುದೀಗೆ, ಪಾತ್ರೆ ಬುಟ್ಟಿ ಈ ತುದೀಗೆ, ಎಲ್ಲಾ ತಿರುಗ್ಸಿ ಮಾಡಿದ್ದು. ಇಲ್ಲಿ ಹಳೇದು ಇದ್ದಂಗೇ ಅಳತೆ ತಗೊಂಡಿದ್ದೆ ನಾನು, ಅದನ್ನ ನೋಡ್ಬೇಡಿ, ನನ್ನ ಕೈ ನೋಡಿ ಅಂದ್ರು. ಯಾಕೆ, ನಿಮ್ಗೆ ಗೊತ್ತಿಲ್ವಾ? ಗೊತ್ತು, ಅಂದಳು ಸುಷ್ಮಾ.

ಗೊತ್ತು. ಗೊತ್ತಿತ್ತು. ಮರೆತದ್ದಲ್ಲ, ಮುಗಿದಿದೆ ಅಂದುಕೊಂಡದ್ದು. ಮದುವೆಯಾಗಿ ಬಂದ ಹೊಸದು, ನೆಂಟರ ಪಂಕ್ತಿ ಕೂತಿದೆ, ಮದುಮಗಳು ಅನ್ನ ಬಡಿಸಲಿ ಅಂತ ಯಾರೋ ಹಿರಿಯರು ಅಂದರು, ಹಸಿರು ಬಳೆಯ ತುಂಬ ಕೈ, ಸೌಟು ಹಿಡಿದದ್ದು ಎಡಗೈಯಲ್ಲಿ, ಎಷ್ಟು ಸಲೀಸಾಗಿ ಹಿಡಿದಿದ್ದಳು, ಒಂದು ಅಗುಳು ಎಲೆಯ ಹೊರಗೆ ಬೀಳಲಿಲ್ಲ, ಆದರೆ ಅದನ್ನು ಯಾರು ನೋಡಿದರು, ಪಂಕ್ತಿಯಲ್ಲಿ ಕೈಗಳೆಲ್ಲ ಎಲೆಯ ಮೇಲೆ ನಿಂತವು, ಅತ್ತೆ ಆ ತುದಿಯಿಂದ, ಹೆಣೇ, ಎಡಗೈಲಿ ಯಾರಾದ್ರೂ ಅನ್ನ ಬಡಿಸ್ತಾರನಾ, ಅಪ್ಪನ ಮನೇಲಿ ಇದನ್ನೂ ಕಲಿಸ್ಲಿಲ್ವಾ. ಆ ಹುಡುಗಿಯ ಕೈ ಅಲ್ಲೇ, ಸೌಟು ಸಮೇತ, ಎಲೆಗೂ ಪಾತ್ರೆಗೂ ನಡುವೆ ನಿಂತಿತು. ಓಡಿದ್ದು ಸುಷ್ಮಾ. ಅವಳ ಎಡಗೈಯಿಂದ ಸೌಟು ತೆಗೆದು ಬಲಗೈಗೆ ಇಟ್ಟು, ಬೆರಳುಗಳನ್ನು ತನ್ನ ಬೆರಳಿಂದ ಮಡಿಸಿ, ಕಿವಿಯಲ್ಲಿ, ಹೆದ್ರಬೇಡ, ನಾನಿದೀನಿ, ರೂಢಿ ಆಗ್ತದೆ. ಎಷ್ಟು ಪ್ರೀತಿಯಿಂದ ಹೇಳಿದ್ದಳು. ಈಗಲೂ ಆ ಪ್ರೀತಿಯಲ್ಲಿ ಸುಳ್ಳು ಕಾಣುವುದಿಲ್ಲ, ಹುಡುಕಿದರೂ. ಅತ್ತೆಯ ಬಾಯಿಗೆ ಬೀಳದಿರಲಿ ಅಂತ ಮೊದಮೊದಲು ಕೈ ಹಿಡಿದು ಬದಲಿಸುತ್ತಿದ್ದಳು, ಆಮೇಲೆ ಬರೀ ಭವ್ಯಾ ಅಂದರೆ ಸಾಕಾಯಿತು, ಆಮೇಲೆ ಒಂದು ಸಣ್ಣ ಕೆಮ್ಮು, ಆಮೇಲೆ ಕಣ್ಣು, ಕೊನೆಗೆ ಅದೂ ಬೇಡ, ಸುಷ್ಮಾ ಒಳಗೆ ಕಾಲಿಟ್ಟರೆ ಆಯಿತು, ಸೌಟಾಗಲಿ ಚಾಕುವಾಗಲಿ ತುರಿಯುವ ತೆಂಗಿನ ಕಡಿಯಾಗಲಿ ತಾನೇ ಬಲಗೈಗೆ ಬರುತ್ತಿತ್ತು. ಮದುವೆ ಮನೆಗಳಲ್ಲಿ ಹೇಳಿಕೊಂಡಿದ್ದಳಲ್ಲ, ಈಗ ನಮ್ಮ ಭವ್ಯಾನೂ ಬಲಗೈಯೋಳೇ ಅಂತ, ಭವ್ಯಾ ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು, ಮೂಗು ಸುಕ್ಕಿಸಿ ನಕ್ಕಳು ಕೂಡ. ಆಮೆ ಅಂತ ಹೆಸರಿಟ್ಟವಳೂ ಸುಷ್ಮಾಳೇ, ಮುದ್ದಿಗೆ, ಬಿಡೇ ಆಮೆ, ನಿನ್ನ ಕೈಲಿ ಬೆಳಗಾಗ್ತದೆ, ಇಲ್ಲಿ ಕೊಡು ನಾನೇ ಹೆಚ್ತೀನಿ, ಎಷ್ಟು ಸಲ ಕೈಯಿಂದ ಚಾಕು ಕಿತ್ತುಕೊಂಡಿದ್ದಾಳೆ, ತೊಂಡೆಕಾಯಿ ದಪ್ಪ ದಪ್ಪ, ಹೋಳು ಒಂದಕ್ಕೊಂದು ಸಂಬಂಧವಿಲ್ಲ, ಇದೆಂತಾ ಹೆಚ್ಚಿದ್ದೇ ದನಕ್ಕೆ ಹಾಕಾಕಾ, ಇಬ್ಬರೂ ನಗುತ್ತಿದ್ದರು. ಇಬ್ಬರೂ ನಗುತ್ತಿದ್ದರೇ. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಯ ಮೇಲೆ ಚಿತ್ತಾರ ಬರೆಯುವಾಗ ಒಂದು ಸಲ, ಸುಷ್ಮಾ ಹಿತ್ತಿಲಿಂದ ಬಂದಾಗ ಭವ್ಯಾ ಬೆನ್ನು ಮಾಡಿ ಕೂತಿದ್ದಳು, ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳು ಪುಂಡಿನಾರಿನ ಕುಂಚದ ತುದಿಯಿಂದ ಇಳಿಯುತ್ತಿದ್ದವು, ಒಂದರ ಪಕ್ಕ ಒಂದು, ಕೂದಲು ಎಳೆದ ಹಾಗೆ, ಯಾರೇ ಬರೆದದ್ದು ಇಷ್ಟು ಚೆನ್ನಾಗಿ ಅನ್ನಬೇಕೆನ್ನುವಷ್ಟರಲ್ಲಿ ಅವಳಿಗೆ ಕಾಲ ಸದ್ದು ಕೇಳಿತು, ನಾರು ಕೈ ಬದಲಿಸಿತು, ಮುಂದಿನ ಗೆರೆ ನಡುಗಿತು. ಸುಷ್ಮಾ ನೋಡಿದ್ದು ನಡುಗಿದ ಗೆರೆಯನ್ನು, ಕೊಡಿಲ್ಲಿ ಅಂತ ತಾನು ಕೂತಳು. ಮತ್ತೆ ಗಂಜಿ, ಆಸ್ಪತ್ರೆಯಿಂದ ಬಂದು ಮಲಗಿದ್ದಾಗಿನ ಗಂಜಿ, ಕಣ್ಣು ಮುಚ್ಚಿಕೊಂಡು ಕುಡಿಯುವಾಗ ಚಮಚ ತುಟಿಗೆ ಬಂದು ನಿಲ್ಲುತ್ತಿತ್ತು, ಮೆಲ್ಲಗೆ ಬಾಗುತ್ತಿತ್ತು, ಒಂದು ಹನಿ ಗಲ್ಲಕ್ಕೆ ಇಳಿಯುತ್ತಿರಲಿಲ್ಲ, ಕಣ್ಣು ತೆರೆದರೆ ಚೆಲ್ಲುತ್ತಿತ್ತು. ಯಾಕೆ ಹಾಗೆ ಅಂತ ಆಗ ಯೋಚಿಸಿದ್ದಳು, ಜ್ವರದ ಭ್ರಮೆ ಅಂದುಕೊಂಡಿದ್ದಳು. ಕಣ್ಣು ಮುಚ್ಚಿದಾಗ ಕುಡಿಸಿದ ಕೈ ಬೇರೆ, ತೆರೆದಾಗಿನದು ಬೇರೆ. ಈ ಮನೆಯಲ್ಲಿ ತನ್ನ ಜೊತೆ ಇಷ್ಟು ವರ್ಷ ಅಡುಗೆ ಮಾಡಿದ್ದು, ಚಾ ಕುಡಿದದ್ದು, ನಕ್ಕದ್ದು ಆ ಎರಡನೆಯ ಕೈಯವಳು, ಮೊದಲನೆಯವಳು ಶೋರೂಮಿನಲ್ಲಿ ಯಾರೂ ನೋಡದಿದ್ದಾಗ ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ, ಕರೆದ ತಕ್ಷಣ ಬೆನ್ನ ಹಿಂದೆ ಅಡಗಿದವಳು, ಕವಣೆ ಬೀಸಿ ಗೇರುಹಣ್ಣು ಬೀಳಿಸಿದವಳು, ಅವಳನ್ನು ಸುಷ್ಮಾ ಕಂಡದ್ದು ಒಂದೇ ಒಂದು ಪಂಕ್ತಿಯಲ್ಲಿ, ನಾಲ್ಕು ಎಲೆಗಳಷ್ಟು ದೂರ, ಆಮೇಲೆ ಓಡಿಹೋಗಿ ತಾನೇ ಅವಳನ್ನು —

ಅಕ್ಕಾ ಸ್ವಲ್ಪ ಸರೀರಿ, ಕೊನೇದು ನಿಲ್ಲಿಸ್ಬಿಡ್ತೀನಿ, ಅಂತ ದುರ್ಗೇಶ ಉದ್ದನೆಯ ಪೆಟ್ಟಿಗೆಯನ್ನು ಮಗುವನ್ನು ಎತ್ತಿದ ಹಾಗೆ ತಬ್ಬಿ ತಂದ, ಸರಿದಳು, ಸಂದಿಯಲ್ಲಿ ಪೆಟ್ಟಿಗೆ ಕೂತಿತು, ಹೊಂದಲಿಲ್ಲ, ಅಂಗೈಯಿಂದ ಗುದ್ದಿದ, ಕೂತಿತು, ಕಾಲ್ಬೆರಳ ಮೇಲಿದ್ದ ಬಿಸಿಲಿನ ಪಟ್ಟಿ ಹೋಯಿತು. ಹೋಗಿದ್ದು ಗೊತ್ತಾಗಲೇ ಇಲ್ಲ, ಕಾಲು ತಣ್ಣಗಾದ ಮೇಲೆ ಗೊತ್ತಾಯಿತು. ಸ್ಕ್ರೂ ಹೊಡೆದು, ಸ್ಟಿಕ್ಕರು ಕಿತ್ತು, ಪುಡಿಯನ್ನು ಕಾಲಿನಿಂದಲೇ ಒಂದು ಕಡೆಗೆ ಗುಡ್ಡೆ ಮಾಡಿ, ಊಟ ಮಾಡ್ಕಂಡ್ ಬತ್ತೀನಕ್ಕ, ಆಮೇಲೆ ಬಾಗ್ಲು ಲೆವೆಲ್ ನೋಡಾದು ಅಷ್ಟೇ, ಇಲ್ಲೇ ಉಂಡು ಹೋಗೋ ಅಂತ ಅತ್ತೆ, ಅಯ್ಯೋ ಯಾರ ಕಡೆ ಉಂಡ್ರೂ ಇನ್ನೊಬ್ರಿಗೆ ಬೇಜಾರು, ಬೇಡ ಬಿಡ್ರಮ್ಮ, ಅಂತ ಅವನು ಬೈಕು ಹತ್ತಿ ಹೋದ. ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಸುಷ್ಮಾ ಟ್ಯೂಬ್‌ಲೈಟು ಹಾಕಿದಳು, ಹಗಲಲ್ಲಿ, ಈ ಅಡುಗೆಮನೆಯಲ್ಲಿ ಹಗಲಲ್ಲಿ ಲೈಟು ಹಾಕಿದ್ದಿಲ್ಲ. ಬಿಳಿ ಬೆನ್ನುಗಳು, ಬಿಳಿ ಬಾಗಿಲುಗಳು, ಹಿಡಿಕೆಗಳು ಬಲಕ್ಕೆ, ಎಲ್ಲರ ಮನೆಯಲ್ಲಿ ಇದ್ದ ಹಾಗೆ. ಡಬ್ಬಿ ಎತ್ತಿ ಇಡಬೇಕು, ಸಕ್ಕರೆ ಮೇಲೆ, ಉಪ್ಪು ಕೆಳಗೆ, ಒಂದನ್ನು ಎತ್ತಿದಳು, ಇಟ್ಟಳು, ಅಷ್ಟರಲ್ಲಿ ಆ ಕಡೆಯಿಂದ ಒಂದು ಸದ್ದು. ಮಣೆಯ ಮೇಲೆ ಚಾಕು. ಯಾರು ಬಂದರು, ಅಂದುಕೊಂಡಳು ಮೊದಲು, ಭವ್ಯಾಳ ತಾಯಿ ಬಂದರೇ, ಹೊಸನಗರದ ಬಸ್ಸು ಈಗ ಬರುವ ಹೊತ್ತಲ್ಲ, ಪಕ್ಕದ ಮನೆಯವರೇ, ಅಂಥ ವೇಗ, ಒಂದೇ ಸಮ, ಹೆಂಚಿನ ಮೇಲೆ ಮೊದಲ ಮಳೆ ಬಿದ್ದ ಹಾಗೆ, ನಿಂತು ಮತ್ತೆ ಹೊಸ ತರಕಾರಿಗೆ ಹೊಸದಾಗಿ, ನುಣ್ಣಗೆ, ತೆಳ್ಳಗೆ, ಸದ್ದಿನಲ್ಲೇ ಗೊತ್ತಾಗುತ್ತದೆ ಹೋಳು ಎಷ್ಟು ತೆಳ್ಳಗಿದೆ ಅಂತ, ಆಮೇಲೆ ಬಳೆಯ ಸದ್ದು ಅದರ ಜೊತೆಗೇ, ಅದೇ ಬಳೆ, ಗೊತ್ತಿರುವ ಬಳೆ. ಅವಳೇ. ಆಮೆ. ಅವಳು ಹೆಚ್ಚುವ ಸದ್ದು ಇದು. ಇದನ್ನು ಕೇಳಿದ್ದೇ ಇಲ್ಲ. ಇಷ್ಟು ವರ್ಷ ಒಂದೇ ಮಣೆ, ಒಂದೇ ಚಾಕು, ಒಂದೇ ಕಿಟಕಿ, ಈ ಸದ್ದನ್ನು ಮಾತ್ರ ಕೇಳಿದ್ದಿಲ್ಲ. ಸುಷ್ಮಾ ಪೆಟ್ಟಿಗೆಯ ಬೆನ್ನಿಗೆ ಅಂಗೈ ಒತ್ತಿ ನಿಂತಳು, ಹಲಗೆ ತೆಳ್ಳಗಿನದು, ಪ್ರತಿ ಪೆಟ್ಟೂ ಅಂಗೈಗೆ ಬರುತ್ತಿತ್ತು, ಆ ಕಡೆ ಒಂದು ಹುಡುಗಿ ಇದ್ದಾಳೆ, ದನ ಕಾಯುವ ಹುಡುಗರಿಗೆಲ್ಲ ಗುರು, ಅವಳ ಗುರುತು ತನಗಿಲ್ಲ, ಅವಳನ್ನು ನೋಡಬೇಕು, ಹೆಚ್ಚುವುದನ್ನು ಒಂದು ಸಲ, ಬುಟ್ಟಿ ಬರೆಯುವುದನ್ನು, ಅನ್ನ ಬಡಿಸುವುದನ್ನು, ಕೂತು ಸುಮ್ಮನೆ, ಬೇರೇನೂ ಬೇಡ, ಒಲೆ ಒಂದಾಗುವುದೂ ಬೇಡ. ಹಿತ್ತಿಲ ಬಾಗಿಲಿಂದ ಸುತ್ತಿಕೊಂಡು ಹೋದರೆ ಎಷ್ಟು ದೂರ, ಬಟ್ಟೆ ಒಗೆಯುವ ಕಲ್ಲು, ಬಸಳೆ ಚಪ್ಪರ, ಮೆಟ್ಟಿಲು, ಬಾಗಿಲು ತೆರೆದೇ ಇದೆ ಈ ಹೊತ್ತಿಗೆ. ಹೊರಟಳು. ಹೊಸ್ತಿಲಿಗೆ ಬಂದಳು, ಒಂದು ಕಾಲು ಹೊರಗೆ. ಹೋದರೆ ಮೆಟ್ಟಿಲ ಮೇಲೆ ತನ್ನ ನೆರಳು ಬೀಳುತ್ತದೆ. ಭವ್ಯಾ ತಲೆ ಎತ್ತುತ್ತಾಳೆ, ಬಾ ಅಕ್ಕ ಅನ್ನುತ್ತಾಳೆ, ಅನ್ನುವಳು, ಕೆಟ್ಟವಳಲ್ಲ, ನಗುತ್ತಾಳೆ ಕೂಡ, ಅಷ್ಟರೊಳಗೆ, ನೆರಳು ಬಿದ್ದ ಆ ಕ್ಷಣಕ್ಕೇ, ಯಾರೂ ಹೇಳದೆ, ಕೆಮ್ಮದೆ, ಚಾಕು ಬಲಗೈಗೆ — ಕಾಲ ಸದ್ದಾಗದ ಹಾಗೆ ಹೋದರೆ, ಕಿಟಕಿಯಿಂದ ನೋಡಿದರೆ, ಕಳ್ಳಿಯ ಹಾಗೆ, ಆದರೆ ಬೆನ್ನಿಗೂ ಗೊತ್ತಾಗುತ್ತದೆ ಅವಳಿಗೆ, ಬುಟ್ಟಿ ಬರೆಯುವಾಗ ಬೆನ್ನು ಮಾಡಿಯೇ ಕೂತಿದ್ದಳಲ್ಲ, ತಾನು ಎಲ್ಲಿ ನಿಂತು ನೋಡಿದರೂ ಕಾಣುವುದು ಅದೇ, ನೋಡಿದ ಕೂಡಲೇ ಅದೇ ಆಗುತ್ತದೆ. ಹೊರಗಿಟ್ಟ ಕಾಲನ್ನು ಒಳಗೆ ತೆಗೆದುಕೊಂಡಳು. ಸದ್ದು ಬರುತ್ತಲೇ ಇತ್ತು, ಬರಲಿ, ನಿಲ್ಲದಿರಲಿ, ಹೊಸ್ತಿಲ ಮೇಲೆ ಉಸಿರು ಹಿಡಿದು ಕೂತಳು, ಕಣ್ಣು ಮುಚ್ಚಿದಳು, ಗಂಜಿ ಕುಡಿಯುವಾಗ ಮುಚ್ಚಿದ ಹಾಗೆ, ಕಣ್ಣು ಮುಚ್ಚಿದರೆ ಆ ಕೈ ಬರಬೇಕಲ್ಲ, ಕೇಳಿಸುತ್ತಿರುವ ಹಾಗೆಯೇ ಓಡುತ್ತಾ, ಬಳೆ ಕುಣಿಯುತ್ತಾ, ಬಂತು, ಹಸಿರು ಬಳೆಯ ಎಡಗೈ, ಸೌಟು, ಬಿಸಿ ಅನ್ನದ ಹಬೆ, ನೆಂಟರ ಎಲೆಗಳು, ಬಗ್ಗಿತು, ಬಡಿಸಲಿಕ್ಕೆಂದು ಬಗ್ಗಿತು, ಅಲ್ಲೇ ನಿಂತಿತು, ಎಲೆಗೂ ಪಾತ್ರೆಗೂ ನಡುವೆ, ಬಡಿಸು ಭವ್ಯಾ, ಬಡಿಸು, ಯಾರೂ ಓಡಿ ಬರುವುದಿಲ್ಲ ಈಗ, ಬಡಿಸು — ಕೈ ನಿಂತೇ ಇದೆ, ಎಲೆಗೂ ಪಾತ್ರೆಗೂ ನಡುವೆ, ಹಬೆಯಲ್ಲಿ, ಎಡಗೈ